ಹುಸೇನಸಾಬರು ಹೊಲಿದ ಭುಜ

ಕಳೆದ ತಿಂಗಳು ಮದುವೆಯೊಂದಕ್ಕೆಂದು ಹೊಸಪೇಟೆಗೆ ಹೋಗಿದ್ದೆ. ಸಂಡೂರು ರಸ್ತೆಯ ತಿರುವಿನಲ್ಲಿ ನಮ್ಮ ಆಟೋ ಒಂದು ಲಾರಿಯ ಹಿಂದೆ ನಿಂತಿತು. ಲಾರಿಯ ಮೇಲೆ ಹೊಸ ತಾಡಪತ್ರಿ. ಬಿಸಿಲಿಗೆ ಕಾದ ದಪ್ಪ ಬಟ್ಟೆಯ ವಾಸನೆ, ಅರ್ಧ ಡಾಂಬರು, ಅರ್ಧ ಒದ್ದೆ ಗೋಣಿಚೀಲ, ಮೂಗಿಗೆ ಬಂತು. "ಯಾವ ಕಲ್ಯಾಣಮಂಟಪ ಅಂದ್ರಿ ಅಮ್ಮಾರ?" ಎಂದು ಆಟೋದವನು ಕೇಳಿದರೆ ನನಗೆ ಹೆಸರೇ ನೆನಪಾಗಲಿಲ್ಲ. ರಸ್ತೆಯ ಎಡಕ್ಕೆ ನೋಡಿದೆ. ಅಲ್ಲಿದ್ದ ತಗಡಿನ ಅಂಗಡಿ ಈಗಿಲ್ಲ, ಮೊಬೈಲ್ ರಿಪೇರಿಯವರ ಗಾಜಿನ ಬಾಗಿಲಿದೆ. ಪಕ್ಕದ ಬೇವಿನ ಮರ ಮಾತ್ರ ಅದೇ. ಆದರೆ ಎಲೆಗಳೆಲ್ಲ ಹಸಿರು. ಆ ಮರವನ್ನು ನಾನು ಹಸಿರಾಗಿ ನೋಡಿದ್ದು ಅದೇ ಮೊದಲು.

ನಾವು ಹೊಸಪೇಟೆಯಲ್ಲಿದ್ದದ್ದು ಅದಿರಿನ ಭರಾಟೆಯ ವರ್ಷಗಳಲ್ಲಿ. ಪಾಪಿನಾಯಕನಹಳ್ಳಿಯಿಂದ ನಮ್ಮ ಊರಿನವರೆಗೆ ಲಾರಿಗಳು ಒಂದರ ಬಾಲ ಒಂದು ಹಿಡಿದು ನಿಂತಿರುತ್ತಿದ್ದವು. ಕೆಂಪು ಧೂಳು ಎಲ್ಲದರ ಮೇಲೂ ಕೂರುತ್ತಿತ್ತು. ಹಾಲಿನ ಪಾಕೀಟು ಎತ್ತಿದರೆ ಕಟ್ಟೆಯ ಮೇಲೆ ಕೆಂಪು ಚೌಕ ಉಳಿಯುತ್ತಿತ್ತು. ಕರಿಬೇವನ್ನು ಮೂರು ನೀರಿನಲ್ಲಿ ತೊಳೆಯಬೇಕಿತ್ತು. ನಮ್ಮ ಮನೆಯವರು ನೀರಾವರಿ ಇಲಾಖೆಯಲ್ಲಿ ಇಂಜಿನಿಯರು. ಅವರ ಬಿಳಿ ಅಂಗಿಗಳೆಲ್ಲ ಒಂದೇ ವರ್ಷದಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿದವು. ಬಳ್ಳಾರಿಯ ಕಾನ್ವೆಂಟಿನಲ್ಲಿ ಓದುವಾಗ ದಿನಾ ಬಿಳಿ ಕರವಸ್ತ್ರ ತೋರಿಸಿ ತರಗತಿಯೊಳಗೆ ಕಾಲಿಟ್ಟವಳು ನಾನು. ಬಟ್ಟೆಯ ತಂತಿಯ ಮುಂದೆ ನಿಂತು ಸುಮ್ಮನೆ ನಿಟ್ಟುಸಿರು ಬಿಡುತ್ತಿದ್ದೆ.

ಅಂಥ ಒಂದು ವರ್ಷದ ಮೇ ತಿಂಗಳಲ್ಲಿ ನನ್ನ ನಾದಿನಿ ವಸುಧಾ ಬಂದಳು. ಬಟ್ಟೆಯ ವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿ. ರಜೆಗೆ ಬಂದಳೆಂದುಕೊಂಡರೆ ಕೈಯಲ್ಲೊಂದು ಟ್ರಂಕು. ಅದರಲ್ಲಿ ಮಡಿಸಿದ ಐದು ಬಗೆಯ ಬಟ್ಟೆ, ಪುಟ್ಟ ಕೆಂಪು ದೀಪಗಳಿದ್ದ ಒಂದು ಪೆಟ್ಟಿಗೆ ಮತ್ತು ಒಂದೇ ಒಂದು ಉಂಡೆ ದಾರ. ಬೆಳ್ಳಿಯ ಲೇಪವಿದ್ದ ದಾರ.

"ಇದೇನೇ ವಸು, ಜರತಾರಿ ಸೀರಿ ನೇಯ್ತೀಯೇನು?" ಎಂದೆ.

"ಇಲ್ರಿ ವೈನಿ. ಆಕಾಶದಾಗ ಹೋಗೋರು ಹಾಕ್ಕೊಳ್ಳೋ ಅಂಗಿ. ಅದರ ಭುಜದ ಭಾಗ."

ಊಟದ ಮೇಜಿನ ಮುಂದೆ ಕೂತು ನನಗೆ ತಿಳಿಸಿ ಹೇಳಿದಳು. ಅಲ್ಲಿ ಸಾಸಿವೆಗಿಂತ ಸಣ್ಣ ಕಣಗಳು ಬಂದೂಕಿನ ಗುಂಡಿಗಿಂತ ಜೋರಾಗಿ ಹಾರುತ್ತಿರುತ್ತವಂತೆ. ಒಂದು ತಾಗಿದರೆ ಅಂಗಿಗೆ ತೂತು, ಒಳಗಿನ ಗಾಳಿ ಹೊರಗೆ.

"ತೂತು ಬಿದ್ದದ್ದು ಹಾಕ್ಕೊಂಡವರಿಗೆ ಗೊತ್ತಾಗೂದಿಲ್ಲೇನು?"

"ನಿಮ್ಮ ಬ್ಲೌಸಿನ ಹಿಂದ ಹೊಲಿಗಿ ಬಿಟ್ರ ನಿಮಗ ಗೊತ್ತಾಗ್ತದೇನು ವೈನಿ? ಯಾರರೆ ಹೇಳಬೇಕು. ಅಲ್ಲಿ ಹೇಳೋರು ಯಾರಿದ್ದಾರ? ಅದಕ್ಕ ಬಟ್ಟೀನ ಹೇಳಬೇಕು."

ಉಪಾಯ ಸರಳವಾಗಿತ್ತು. ಬಟ್ಟೆಯ ಪದರಗಳ ನಡುವೆ ಬೆಳ್ಳಿ ದಾರದ ಇಪ್ಪತ್ನಾಲ್ಕು ಉದ್ದದ ಸಾಲು, ಇಪ್ಪತ್ನಾಲ್ಕು ಅಡ್ಡ ಸಾಲು. ಪ್ರತಿ ಸಾಲಿನಲ್ಲೂ ಸಣ್ಣಗೆ ವಿದ್ಯುತ್ತು ಹರಿಯುತ್ತದೆ, ಪೆಟ್ಟಿಗೆಯಲ್ಲಿ ಅದರದೊಂದು ದೀಪ ಉರಿಯುತ್ತದೆ. ಕಣ ಬಂದು ದಾರ ಕಡಿದರೆ ಒಂದು ಉದ್ದದ ದೀಪ, ಒಂದು ಅಡ್ಡದ ದೀಪ ಆರುತ್ತವೆ. ಅವೆರಡೂ ಕೂಡುವ ಜಾಗದಲ್ಲಿ ತೂತು. ಕಷ್ಟವಿದ್ದದ್ದು ಹೊಲಿಯುವುದರಲ್ಲಿ. ಭುಜ ಗುಂಡಗಿರುತ್ತದೆ, ಮಷೀನಿಗೆ ಹಾಕಿದರೆ ಸೂಜಿ ದಾರದ ಬೆಳ್ಳಿಯನ್ನೇ ಕೆರೆದುಬಿಡುತ್ತಿತ್ತು. ಜುಲೈ ಕೊನೆಗೆ ಅವಳ ಸಂಸ್ಥೆಗೆ ಹಿರಿಯ ವಿಜ್ಞಾನಿಗಳ ತಂಡ ಬಂದು ನೋಡುವುದಿತ್ತು. ಅಷ್ಟರಲ್ಲಿ ಒಂದಾದರೂ ಭುಜ ತಯಾರಾಗದಿದ್ದರೆ ಈ ಕೆಲಸವನ್ನೇ ಮುಚ್ಚಿಬಿಡುತ್ತೇವೆ ಎಂದು ಅವಳ ಮೇಷ್ಟ್ರು ಹೇಳಿ ಕಳಿಸಿದ್ದರು. ಮೂರು ವರ್ಷ ಅವಳು ಅದರ ಹಿಂದೆಯೇ ಬಿದ್ದಿದ್ದಳು.

ಊರಿನ ಬ್ಲೌಸ್ ಟೇಲರು ಐದು ಪದರ ಮುಟ್ಟಿ ನೋಡಿ, "ಅಕ್ಕಾರ, ಇದು ಅಂಗಿನೋ, ಗಾದಿನೋ?" ಎಂದು ನಕ್ಕು ಕಳಿಸಿದ. ಆಗ ನನಗೆ ಹುಸೇನಸಾಬರ ನೆನಪಾಯಿತು. ಅದಿರಿನ ಲಾರಿಗಳ ತಾಡಪತ್ರಿ ಹೊಲಿಯುವವರು. ಹಾಸಿಗೆ ಸುತ್ತಿ ಒಯ್ಯುವ ನಮ್ಮ ಹೋಲ್ಡಾಲಿಗೆ ಒಮ್ಮೆ ಪಟ್ಟಿ ಹಾಕಿಕೊಟ್ಟಿದ್ದರು; ಹೋಲ್ಡಾಲು ಹರಿದರೂ ಆ ಪಟ್ಟಿ ಬಿಚ್ಚಿರಲಿಲ್ಲ.

ನಾವು ಹೋದಾಗ ಅಂಗಡಿಯಲ್ಲಿ ಯಾರೂ ಕಾಣಲಿಲ್ಲ. ಬೇವಿನ ಮರದಿಂದ ತಗಡಿನವರೆಗೆ ಒಂದು ದೊಡ್ಡ ತಾಡಪತ್ರಿ ಕಟ್ಟಿತ್ತು. ಅದರ ಕೆಳಗಿನಿಂದ ದನಿ ಬಂತು. "ಯಾರ್ರೀ? ಸ್ವಲ್ಪ ನಿಂದರ್ರಿ, ಇನ್ನೂ ನಾಕು ತೂತು ಅದಾವು." ಬಗ್ಗಿ ನೋಡಿದರೆ ಅರವತ್ತು ದಾಟಿದ ಮನುಷ್ಯ ಅಂಗಾತ ಮಲಗಿ, ಬಿಸಿಲು ತೂರಿ ಬರುವ ಕಡೆಗೆಲ್ಲ ಸುಣ್ಣದ ಕಡ್ಡಿಯಿಂದ ಗುರುತು ಹಾಕುತ್ತಿದ್ದರು.

ಹೊರಗೆ ಬಂದು ವಸುಧಾಳ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಯಾವ ಲಾರಿಗೆ ಬೇಟಿ ಇದು?"

"ಲಾರಿಗಲ್ಲ ಅಜ್ಜಾ. ಆಕಾಶಕ್ಕ ಹೋಗ್ತದ."

"ಅಲ್ಲಿಗೂ ಅದಿರು ಹೊಂಟೈತೇನು?" ಎಂದು ನನ್ನ ಕಡೆ ತಿರುಗಿ ಕೇಳಿದರು. ಮುಖದಲ್ಲಿ ನಗುವಿಲ್ಲ, ಕಣ್ಣಲ್ಲಿ ಮಾತ್ರ.

ಒಪ್ಪಿಕೊಂಡರು. ಭುಜದ ಅಚ್ಚಿಗೆ ಏನು ಮಾಡುವುದೆಂದು ಯೋಚಿಸಿ, ಕೊನೆಗೆ ನಮ್ಮ ಮನೆಯ ತಾಮ್ರದ ಕೊಡವನ್ನೇ ಬೋರಲು ಹಾಕಿದೆವು. ಅಳತೆ ಸರಿಯಾಗಿ ಕೂತಿತು. ಆ ಬೇಸಿಗೆ ನಾವು ಮನೆಯಲ್ಲಿ ಪ್ಲಾಸ್ಟಿಕ್ ಕೊಡದ ನೀರು ಕುಡಿದೆವು. ವಸುಧಾಳ ಬಳಿ ದಾರದ ಬಗ್ಗೆ ಇಂಗ್ಲಿಷಿನಲ್ಲೊಂದು ಪಟ್ಟಿಯಿತ್ತು, ನಾನೇ ಓದಿ ಕನ್ನಡದಲ್ಲಿ ಹೇಳಿದೆ: ಎಂಜಲು ಹಚ್ಚಬಾರದು, ಹಲ್ಲಿನಿಂದ ಕಡಿಯಬಾರದು, ಗಂಟು ಹಾಕಬಾರದು, ಎಣ್ಣೆ ತಾಗಬಾರದು, ಬೆವರ ಕೈಯಲ್ಲಿ ಮುಟ್ಟಬಾರದು, ಜಗ್ಗಬಾರದು.

ಹುಸೇನಸಾಬರು ಪೂರ್ತಿ ಕೇಳಿಸಿಕೊಂಡರು. "ಅಮ್ಮಾರ, ಇದು ದಾರನೋ, ಹೊಸಾ ಸೊಸಿನೋ?"

ಮಧ್ಯಾಹ್ನದ ಹೊತ್ತು ನಾನು ಹೋಗಿ ಕೂರುತ್ತಿದ್ದೆ. ಧೂಳು ಬರದಂತೆ ಅಂಗಡಿಯ ಬಾಯಿಗೆ ಒದ್ದೆ ಸೀರೆ ಕಟ್ಟುವುದು, ಅದು ಒಣಗಿದರೆ ಮತ್ತೆ ನೀರು ಚಿಮುಕಿಸುವುದು ನನ್ನ ಕೆಲಸ. ಕಂಪ್ಲಿಯ ನನ್ನ ತವರಿನಿಂದ ಬಂದ ಬಾಳೆಹಣ್ಣನ್ನು ಅವರಿಗೂ ಒಯ್ಯುತ್ತಿದ್ದೆ. ಅವರು ಕಾಲ ಹೆಬ್ಬೆರಳಿನಿಂದ ಬಟ್ಟೆಯ ಅಂಚನ್ನು ಒತ್ತಿ ಹಿಡಿದು, ಎಡಗೈಯ ಹೆಬ್ಬೆರಳಿಗೆ ಚರ್ಮದ ಟೊಪ್ಪಿಗೆ ಹಾಕಿ, ಉಸಿರು ಬಿಗಿಹಿಡಿದು ಒಂದೊಂದೇ ಹೊಲಿಗೆ ಹಾಕುವುದನ್ನು ನೋಡುತ್ತಾ ಕೂತರೆ ಹೊರಗಿನ ಲಾರಿಗಳ ಹಾರ್ನು ಕೇಳುತ್ತಲೇ ಇರಲಿಲ್ಲ. ನಮ್ಮ ಶಾಲೆಯ ಹೊಲಿಗೆ ತರಗತಿಯ ಸಿಸ್ಟರ್ ಇದ್ದಿದ್ದರೆ ಆ ಸಾಲನ್ನು ನೋಡಿ ಅಳತೆಪಟ್ಟಿಯನ್ನು ಪೆಟ್ಟಿಗೆಯೊಳಗೆ ಇಟ್ಟುಬಿಡುತ್ತಿದ್ದರು. ಮೊದಲ ಹದಿನೈದು ದಿನದಲ್ಲಿ ಉದ್ದದ ಇಪ್ಪತ್ನಾಲ್ಕೂ ಮುಗಿದವು.

ಆಮೇಲೆ ಮಳೆ ಹಿಡಿಯಿತು. ಆ ವರ್ಷ ಜೋರಾಗಿಯೇ. ರಸ್ತೆಯ ಬದಿಯ ಕಾಲುವೆಗಳಲ್ಲಿ ನೀರು ಕುಂಕುಮ ಕಲಸಿದಂತೆ ಹರಿಯಿತು. ತಗಡಿನ ಮೇಲೆ ಸದ್ದೋ ಸದ್ದು. ಮಾತಾಡಬೇಕಾದರೆ ಹತ್ತಿರ ಹೋಗಬೇಕು. ಒದ್ದೆ ಸೀರೆಯ ಅಗತ್ಯ ಮುಗಿಯಿತು, ನಾನು ಹೋಗುವುದೂ ಕಡಿಮೆಯಾಯಿತು. ಅಡ್ಡ ಸಾಲುಗಳೆಲ್ಲ ಆ ಮಳೆಯಲ್ಲೇ ಆದವು. ಕೊನೆಗೆ ಒಂದು ಸಂಜೆ ಹುಸೇನಸಾಬರು ಪ್ರತಿ ದಾರದ ತುದಿಗೂ ವಸುಧಾ ಕೊಟ್ಟಿದ್ದ ಟಿಚ್ ಬಟನ್ನು ಒತ್ತಿ ಕೂರಿಸಿ, "ನೋಡು ಬೇಟಿ, ನಿನ್ನ ಹೊಸಾ ಸೊಸಿ ನಮ್ಮ ಮನ್ಯಾಗ ಛಲೋ ಇದ್ಲು," ಎಂದು ಕೈಗಿಟ್ಟರು.

ಅಲ್ಲೇ ಪೆಟ್ಟಿಗೆಗೆ ಜೋಡಿಸಿದಳು. ಉದ್ದದ ಇಪ್ಪತ್ನಾಲ್ಕು ದೀಪ ಒಮ್ಮೆಲೇ ಹತ್ತಿದವು. ಅಡ್ಡದಲ್ಲಿ ಹತ್ತಿದ್ದು ಮೂರು. ಅದರಲ್ಲೂ ಒಂದು ಮಿಣುಕುತ್ತಿತ್ತು.

ವಸುಧಾ ಬಟನ್ನುಗಳನ್ನು ಒತ್ತಿದಳು, ಬಿಚ್ಚಿದಳು, ಮತ್ತೆ ಒತ್ತಿದಳು. ಉಂಡೆಯಲ್ಲಿ ಉಳಿದ ದಾರ ನಾಲ್ಕು ಸಾಲಿಗೂ ಸಾಲದು. ತಂಡ ಬರುವುದಕ್ಕೆ ಆರು ದಿನ.

"ಜಗ್ಗೀರಿ ನೀವು," ಎಂದಳು. "ಒಳಗ ದಾರ ಕಡದಾವ. ತಾಡಪತ್ರಿ ಹೊಲಿಯೋ ಕೈಗೆ ಇದನ್ನ ಕೊಟ್ಟದ್ದು ನನ್ನ ತಪ್ಪು."

ಮಳೆಯ ಸದ್ದಿನಲ್ಲೂ ಆ ಮಾತು ಸ್ಪಷ್ಟವಾಗಿ ಕೇಳಿಸಿತು. ಹುಸೇನಸಾಬರು ಚರ್ಮದ ಟೊಪ್ಪಿಗೆಯನ್ನು ಹೆಬ್ಬೆರಳಿನಿಂದ ತೆಗೆದು ಕೆಳಗಿಟ್ಟರು. "ನನ್ನ ಕೈಯಾಗ ದಾರ ಕಡದಿಲ್ಲ ಬೇಟಿ. ಕಡದಿದ್ರ ಕೈಗೆ ಗೊತ್ತಾಗತೈತಿ," ಎಂದಷ್ಟೇ ಹೇಳಿ ಒಳಗೆ ಹೋದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಮರುದಿನ ವಸುಧಾ ಹಾಸಿಗೆಯಿಂದ ಏಳಲಿಲ್ಲ. ನಾನು ಬೆಳಗಿನ ಕೆಲಸ ಮುಗಿಸಿ, ಆ ಬಟ್ಟೆಯನ್ನು ಕಿಟಕಿಯ ಬಳಿ ಹಿಡಿದುಕೊಂಡು ಕೂತೆ. ವಿಜ್ಞಾನ ನನಗೇನು ಗೊತ್ತು, ಹೊಲಿಗೆ ನೋಡೋಣವೆಂದು. ಉದ್ದದ ದಾರಗಳ ತುದಿ ಹೊಸ ಪಾತ್ರೆಯಂತೆ ಹೊಳೆಯುತ್ತಿತ್ತು. ಅಡ್ಡದ ದಾರಗಳ ಹೊಳಪಿನ ಮೇಲೆ ಮಂಜು ಕೂತಂತಿತ್ತು. ಬೆರಳಲ್ಲಿ ಹಿಡಿದರೆ ಸ್ವಲ್ಪ ಅಂಟು. ಮೂಗಿನ ಹತ್ತಿರ ತಂದೆ. ನಮ್ಮ ಶಾಲೆಯ ಪ್ರಾರ್ಥನಾಮಂದಿರದ ವಾಸನೆ. ಆರಿಸಿದ ಮೇಣದ ಬತ್ತಿ.

ಆ ಮೇಣವನ್ನು ನಾನು ನೋಡಿದ್ದೆ. ಮಳೆ ಶುರುವಾದ ವಾರ ಒಂದು ಮಧ್ಯಾಹ್ನ ಹುಸೇನಸಾಬರು ಬೆಳ್ಳಿ ದಾರವನ್ನು ಮೇಣದ ಉಂಡೆಯ ಮೇಲೆ ಹಗುರವಾಗಿ ಎಳೆದುಕೊಂಡು ಸೂಜಿಗೆ ಪೋಣಿಸಿದ್ದನ್ನು ನನ್ನ ಕಣ್ಣಾರೆ ನೋಡಿದ್ದೆ. ನೋಡಿಯೂ ಏನೂ ಅನಿಸಿರಲಿಲ್ಲ. ಗಟ್ಟಿ ಬಟ್ಟೆ ಹೊಲಿಯುವಾಗ ದಾರಕ್ಕೆ ಮೇಣ ಹಚ್ಚಬೇಕೆಂದು ನಮಗೆ ಶಾಲೆಯಲ್ಲಿ ಕಲಿಸಿದ್ದೇ ಹಾಗೆ. ನಾನು ಓದಿ ಹೇಳಿದ ಪಟ್ಟಿಯಲ್ಲಿ ಎಂಜಲಿತ್ತು, ಎಣ್ಣೆಯಿತ್ತು, ಬೆವರಿತ್ತು, ಮೇಣ ಇರಲಿಲ್ಲ. ಪಟ್ಟಿ ಬರೆದವರಿಗೆ ದಾರಕ್ಕೆ ಮೇಣ ಹಚ್ಚುವವರೂ ಇರುತ್ತಾರೆಂದು ಹೊಳೆದಿರಲಿಕ್ಕಿಲ್ಲ.

ವಸುಧಾಳನ್ನು ಎಬ್ಬಿಸಿ ಕರೆದುಕೊಂಡು ಹೋದೆ. ಹುಸೇನಸಾಬರು ಒಂದಿಷ್ಟೂ ಮುಚ್ಚಿಡಲಿಲ್ಲ.

"ಹಚ್ಚೀನಿ ಮತ್ತ! ಮಳಿ ಹಿಡೀತು, ದಾರ ತಂಪಾಗಿ ಬಟ್ಟಿಗೆ ಸಿಗಬೀಳಾಕತ್ತಿತ್ತು. ಮೇಣ ಹಚ್ಚದಿದ್ರ ಆಗ ಕಡೀತಿತ್ತು. ಸಂಡೂರ ಗುಡ್ಡದ ಜೇನಮೇಣ ಅಮ್ಮಾರ, ಅಂಗಡಿ ಮೇಣ ಅಲ್ಲ. ಗುಡ್ಡ ಅಗದು ಅಗದು ಈಗ ಅದೂ ಸಿಗವಲ್ದು. ಲಾರಿಯವರಿಗೆ ನಾ ಅದನ್ನ ಹಚ್ಚಂಗಿಲ್ಲ. ಆಕಾಶಕ್ಕ ಹೋಗೋ ಅರಿವಿ ಅಂದ್ರಿ. ಅಲ್ಲಿ ಮಳಿ ಬಂದ್ರ?"

ವಸುಧಾ ಆ ಉಂಡೆಯನ್ನೇ ನೋಡುತ್ತಿದ್ದಳು. ನಂತರ ಮೆಲ್ಲಗೆ ಹೇಳಿದಳು: "ಅಜ್ಜಾ, ಮೇಣದಾಗ ಕರೆಂಟ್ ಹರಿಯೂದಿಲ್ಲ. ದಾರಕ್ಕೂ ಬಟನ್ನಿಗೂ ನಡುವ ಅದು ಕೂತದ. ದಾರ ಕಡದಿಲ್ಲ. ನಂದು ತಪ್ಪಾತು."

"ಕಡದಿಲ್ಲಂತ ನಾ ನಿನ್ನೇನ ಹೇಳೀನಿ. ಮೇಣದ್ದು ನಾ ಹೇಳಲಿಲ್ಲ. ಇಬ್ಬರದೂ ಅರ್ಧರ್ಧ." ಆಮೇಲೆ ತಾವೇ ಅಂದರು, "ಮೇಣ ಬಿಡಿಸಾಕ ಪೆಟ್ರೋಲ್ ಸಾಕು. ನನ್ನ ದಬ್ಬಣ ನಾ ಅದರಾಗ ಒರಸ್ತೀನಿ."

ನಮ್ಮ ಮನೆಯವರ ಸ್ಕೂಟರಿನಿಂದ ಒಂದು ಬಟ್ಟಲು ಪೆಟ್ರೋಲ್ ಬಂತು. ಒಲೆ ಹಚ್ಚದೆ, ಅವಲಕ್ಕಿ ತಿಂದುಕೊಂಡು, ಇಡೀ ದಿನ ನಾನೂ ವಸುಧಾಳೂ ಬಟನ್ನು ಬಿಚ್ಚುವುದು, ಹತ್ತಿಯಿಂದ ತುದಿ ಒರೆಸುವುದು, ಮತ್ತೆ ಒತ್ತುವುದು. ಒಂದೊಂದಾಗಿ ದೀಪ ಹತ್ತಿದವು. ಇಳಿಹೊತ್ತಿಗೆ ನಲವತ್ತೆಂಟೂ ಉರಿಯುತ್ತಿದ್ದವು. ನಾನು ಅತ್ತುಬಿಟ್ಟೆ. ವಸುಧಾ ನಗಲೂ ಇಲ್ಲ, ಅಳಲೂ ಇಲ್ಲ.

"ಏನಾತು?"

"ವೈನಿ, ತುದೀದು ಹೋತು. ಒಳಗಿನ ಮೇಣ ಹಂಗ ಅದ." ಅವಳು ಬಟ್ಟೆಯನ್ನು ತೊಡೆಯ ಮೇಲೆ ಹರಡಿದಳು. "ಅಲ್ಲಿ ಗಾಳಿ ಇರೂದಿಲ್ಲ. ಬಿಸಿಲು ಬಿದ್ರ ಮೇಣ ಸಣ್ಣಗ ಆವಿ ಆಗಿ ಹೊರಗ ಬರ್ತದ. ಬಂದು ತಲಿಗೆ ಹಾಕ್ಕೊಳ್ಳೋ ಟೊಪ್ಪಿಗಿ ಗಾಜಿನ ಮ್ಯಾಲೆ ಕೂಡ್ತದ. ಹಾಕ್ಕೊಂಡವರಿಗೆ ಕಣ್ಣ ಮುಂದ ಮಬ್ಬು."

"ನೋಡಲಿಕ್ಕೆ ಬರೋ ದೊಡ್ಡವರಿಗೆ ಅದು ಗೊತ್ತಾಗ್ತದೇನು?"

"ಮೇಜಿನ ಮ್ಯಾಲೆ ಇಟ್ಟು ನೋಡಿದ್ರ ಗೊತ್ತಾಗೂದಿಲ್ಲ. ದೀಪ ಹತ್ತತಾವ, ಸೂಜಿ ಚುಚ್ಚಿದ್ರ ಆರತಾವ. ಅವರಿಗೆ ಅಷ್ಟ ಸಾಕು."

ನಮ್ಮ ಮನೆಯವರು ಕಚೇರಿಯಿಂದ ಬಂದು ಎಲ್ಲ ಕೇಳಿ, "ಕೇಳಿದ್ರ ಹೇಳು. ಕೇಳಲಿಲ್ಲಂದ್ರ ನೀನಾಗಿ ಯಾಕ ಹೇಳ್ತಿ? ಮುಂದ ಸರಿ ಮಾಡ್ಕೊಂಡ್ರಾತು," ಎಂದರು. ತಂಗಿಯ ಮೇಲಿನ ಪ್ರೀತಿಯಿಂದ ಹೇಳಿದ ಮಾತು ಅದು. ವಸುಧಾ ನನ್ನ ಕಡೆ ನೋಡಿದಳು. ನನಗೆ ಉಪದೇಶ ಮಾಡಿ ಅಭ್ಯಾಸವಿಲ್ಲ. ನನ್ನ ತಲೆಯಲ್ಲಿದ್ದದ್ದು ಒಂದೇ.

"ಆ ಟೊಪ್ಪಿಗಿ ಒಳಗ ಇರೋರಿಗೆ ಗಾಜು ಒರಸ್ಕೊಳ್ಳಲಿಕ್ಕೆ ಬರ್ತದೇನು?" ಎಂದು ಕೇಳಿದೆ.

"ಇಲ್ಲ," ಎಂದಳು. ಬಟ್ಟೆಯನ್ನು ಮಡಿಸಿ ಟ್ರಂಕಿನಲ್ಲಿಟ್ಟಳು.

ನಾಲ್ಕನೆಯ ದಿನ ಅವಳು ರೈಲು ಹತ್ತಿದಳು. ತಂಡದ ಮುಂದೆ ದೀಪಗಳು ಹತ್ತಿದವು; ಸೂಜಿ ಚುಚ್ಚಿದಲ್ಲಿ ಸರಿಯಾಗಿ ಆರಿದವು. ಎಲ್ಲರೂ ತಲೆಯಾಡಿಸಿದ ಮೇಲೆ ಅವಳು ಎದ್ದು ನಿಂತು ಮೇಣದ ಕಥೆ ಹೇಳಿದಳಂತೆ. ಒಬ್ಬರು ಕನ್ನಡಕ ತೆಗೆದು ಬಟ್ಟೆಯನ್ನು ಮೂಸಿದರಂತೆ. ಇನ್ನೊಬ್ಬರು ಸಿಟ್ಟಾದರಂತೆ. ಒಂದು ಗಂಟೆ ಹೊರಗೆ ಕೂರಿಸಿ, ಕೊನೆಗೆ ಕರೆದು, ಈ ಭುಜವನ್ನು ಒಪ್ಪುವುದಿಲ್ಲ, ಕೆಲಸವನ್ನು ಮುಚ್ಚುವುದೂ ಇಲ್ಲ, ಚಳಿಗಾಲದೊಳಗೆ ಮೇಣವಿಲ್ಲದ ಇನ್ನೊಂದನ್ನು ತನ್ನಿ ಎಂದರಂತೆ. ಫೋನಿನಲ್ಲಿ ಇದನ್ನೆಲ್ಲ ಹೇಳಿ, "ವೈನಿ, ಅಜ್ಜ ಮತ್ತ ಹೊಲಿತಾರೇನು ಕೇಳ್ರಿ," ಎಂದಳು.

ನಾನು ಹೋಗಿ ಕೇಳಿದಾಗ ಹುಸೇನಸಾಬರು ಮೇಣದ ಉಂಡೆಯನ್ನು ಕೈಗೆತ್ತಿಕೊಂಡು ನೋಡಿದರು. "ಮೇಣ ಇಲ್ದ ಹೊಲಿಯೂದಂದ್ರ ಚಪ್ಪಲಿ ಇಲ್ದ ಮುಳ್ಳಾಗ ನಡದಂಗ. ಹೊಲಿತೀನಿ. ಮಳಿ ಮುಗೀಲಿ." ನವರಾತ್ರಿ ಕಳೆದ ಮೇಲೆ ಹೊಸ ದಾರ ಬಂತು. ಮೊದಲ ದಿನವೇ ಅವರು ಮೇಣದ ಉಂಡೆಯನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. "ನಿಮ್ಮ ಮನ್ಯಾಗ ಇಟ್ಕೊಳ್ರಿ. ಇಲ್ಲಿದ್ರ ನಾ ಬ್ಯಾಡಂದ್ರೂ ಕೈ ಕೇಳಂಗಿಲ್ಲ." ಮೇಣ ಕೈಗೆ ಹತ್ತೀತೆಂದು ಆ ಎರಡು ತಿಂಗಳು ಲಾರಿಗಳ ತಾಡಪತ್ರಿಯನ್ನೂ ಅವರು ಮುಟ್ಟಲಿಲ್ಲ. ಪ್ರತಿ ಹೊಲಿಗೆಗೆ ಮುಂಚೆ ಬಲಗೈ ತಾನಾಗಿಯೇ ಬದಿಗೆ ಹೋಗಿ, ಏನೂ ಸಿಗದೆ, ವಾಪಸು ಬರುವುದನ್ನು ನಾನು ಎಷ್ಟು ಸಲ ನೋಡಿದೆನೋ. ನಾನು ಈ ಸಲ ಬೇರೆ ಕೆಲಸ ಬಿಟ್ಟು ಕೂತೆ. ಒದ್ದೆ ಸೀರೆ ಒಣಗಲು ಬಿಡಲಿಲ್ಲ.

ಭುಜ ಹೋಯಿತು. ಗಾಳಿ ತೆಗೆದ ಕೋಣೆಯಲ್ಲಿಟ್ಟು, ಕಣ್ಣಿಗೆ ಕಾಣದ ಕಣವನ್ನು ಹಾರಿಸಿ ನೋಡುತ್ತಾರಂತೆ ಎಂದಷ್ಟೇ ನಮಗೆ ಗೊತ್ತಿತ್ತು. ಜನವರಿಯ ಒಂದು ಬೆಳಿಗ್ಗೆ ವಸುಧಾಳ ಫೋನ್ ಬಂತು. ಹುಸೇನಸಾಬರನ್ನು ಕರೆಸಬೇಕು, ಹತ್ತು ನಿಮಿಷ ಬಿಟ್ಟು ಮತ್ತೆ ಮಾಡುತ್ತೇನೆ ಎಂದಳು. ಅವರು ಬಂದರು. ಒಳಗೆ ಬರ್ರಿ ಅಂದರೂ ಬಾಗಿಲ ಮೆಟ್ಟಿಲ ಮೇಲೇ ಕೂತರು. ಫೋನ್ ಮತ್ತೆ ರಿಂಗಾಯಿತು. ನಾನು ಕೇಳಿಸಿಕೊಳ್ಳುತ್ತ ಒಂದೊಂದೇ ಅವರಿಗೆ ಹೇಳಿದೆ.

"ಕಣ ಬಿತ್ತಂತ. ಎರಡ ದೀಪ ಆರಿದ್ವಂತ. ಅವು ಕೂಡೋ ಜಾಗದಾಗ ನೋಡಿದ್ರ ತೂತು ಸರಿಯಾಗಿ ಅಲ್ಲೇ ಇತ್ತಂತ. ಬ್ಯಾರೆ ಒಂದೂ ದೀಪ ಆರಲಿಲ್ಲಂತ. ಗಾಜಿನ ಮ್ಯಾಲೆ ಮಬ್ಬೂ ಇಲ್ಲ. ಒಪ್ಪಿದರಂತ್ರಿ ಸಾಬ್ರ! ಮುಂದ ಪೂರಾ ಅಂಗಿ ಮಾಡಸ್ತಾರಂತ!"

ಅವರು ಪ್ರಾರ್ಥನೆ ಮುಗಿಸಿದವರಂತೆ ಎರಡೂ ಅಂಗೈಯನ್ನು ಮುಖದ ಮೇಲೆ ಎಳೆದುಕೊಂಡರು. "ತೂತು ಎಲ್ಲಿ ಬಿತ್ತು ಅನ್ನೂದು ಹೇಳ್ತು. ಛಲೋ ಆತು," ಎಂದರು. "ಮುಚ್ಚೋರ್ಯಾರು?"

ನನಗೆ ಅರ್ಥವಾಗಲಿಲ್ಲ. "ಆಂ?"

"ಅಲ್ರೀ, ಅಲ್ಲಿ ಆಕಾಶದಾಗ ಒಬ್ಬನ ಇರತಾನ. ಬೆನ್ನಿಗೆ ತೂತು ಬಿದ್ದೈತಿ ಅಂತ ಅಂಗಿ ಹೇಳ್ತು. ಅವನ ಕೈ ಅಲ್ಲಿಗೆ ಹೋಗಂಗಿಲ್ಲ. ತ್ಯಾಪಿ ಹಚ್ಚೋರ್ಯಾರು ಅಂತ ಕೇಳ್ರಿ."

ನಾನು ಅದನ್ನು ಹಾಗೆಯೇ ಫೋನಿನಲ್ಲಿ ಹೇಳಿದೆ. ಆ ಕಡೆ ವಸುಧಾ ಮೊದಲು ನಕ್ಕಳು. ನಗು ನಡುವೆಯೇ ನಿಂತಿತು. ಕಾಗದದ ಸದ್ದು, ಪೆನ್ನಿನ ಮುಚ್ಚಳ ತೆಗೆದ ಸದ್ದು.

"ವೈನಿ," ಎಂದಳು, "ಫೋನ್ ಅವರ ಕೈಯಾಗ ಕೊಡ್ರಿ."

ಹುಸೇನಸಾಬರು ಕೈಯನ್ನು ಲುಂಗಿಗೆ ಒರೆಸಿಕೊಂಡು ಒಳಗೆ ಬಂದು ರಿಸೀವರು ಹಿಡಿದರು. ನಾನು ಒಲೆಯ ಮೇಲಿಟ್ಟ ಹಾಲು ನೋಡಲು ಹೋದೆ. ಚಹಾ ಕುದಿಸಿ ಎರಡು ಲೋಟ ತುಂಬಿಕೊಂಡು ಬಂದರೂ ಅವರ ಮಾತು ಮುಗಿದಿರಲಿಲ್ಲ.

"ಹೊರಗಿಂದ ಬ್ಯಾಡ ಬೇಟಿ," ಎನ್ನುತ್ತಿದ್ದರು, ಒಂದು ಅಂಗೈಯನ್ನು ಗಾಳಿಯಲ್ಲಿ ಚಾಚಿ, ವಸುಧಾ ಎದುರಿಗೇ ಕೂತಿದ್ದಾಳೆಂಬಂತೆ. "ತ್ಯಾಪಿ ಒಳಗಿಂದ ಇರಬೇಕು. ಗಾಳಿ ಒಳಗಿಂದ ಹೊರಗ ಒತ್ತತೈತಿ ಅಂದಿ ಹೌದಿಲ್ಲೋ? ಒತ್ತಲಿ ಬಿಡು. ತ್ಯಾಪಿ ಒಳಗ ಸಡ್ಲಾಗಿ ಕುಂತಿರಲಿ. ತೂತು ಬಿದ್ದ ಕೂಡ್ಲೆ ಆ ಗಾಳೀನ ಅದನ್ನ ಒತ್ತಿ ಹಿಡೀತೈತಿ."